ಭಯಾನಕ ರಸವೂ ಚಲಚ್ಚಿತ್ರದ ನಾದವೂ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಕ್ಕಳಿಬ್ಬರು ಅಜ್ಜಂಪುರದ ಮನೆಗೆ ಬಂದಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣವಾಯಿತು. ಒಂದು ರಾತ್ರಿ ಊಟವಾದ ತರುವಾಯ ಆ ಮಕ್ಕಳು ಟೆಲಿವಿಷನ್ನಿನ ಮುಂದೆ ಕುಳಿತು ಅದಾವುದೋ ದೆವ್ವದ ಚಿತ್ರವನ್ನು ನೋಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ನನಗೆ ಅದರ ಅಬ್ಬರವು ಸಹಿಸದೆ, ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿ ಬರಿಯ ಚಿತ್ರವನ್ನು ನೋಡಿರೆಂದು ಹೇಳಿದೆನು. ಮಕ್ಕಳು ಗೊಣಗುತ್ತ ಹಾಗೆಯೇ ಮಾಡಿದರು. ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿಂದ ನಗೆ ಕೇಳಿಸತೊಡಗಿತು. ಹೋಗಿ ನೋಡಿದರೆ, ತೆರೆಯ ಮೇಲೆ ಬಿಳಿಯ ಸೀರೆಯನ್ನುಟ್ಟು ಕೂದಲನ್ನು ಕೆದರಿಕೊಂಡ ಹೆಂಗಸೊಬ್ಬಳು ಮಹಡಿಯ ಮೆಟ್ಟಿಲನ್ನು ಇಳಿಯುತ್ತ ಬಾಯಿ ತೆರೆಯುತ್ತಿದ್ದಳು; ಚಿಕ್ಕವನು ಅವಳಂತೆಯೇ ಬಾಯಿ ತೆರೆದು ಅಕ್ಕನನ್ನು ನಗಿಸುತ್ತಿದ್ದನು. ನನಗೂ ಕುತೂಹಲವುಂಟಾಯಿತು. ಆ ಭಾಗವನ್ನೇ ಮರಳಿ ಮೊದಲಿನಿಂದ ಧ್ವನಿಯೊಡನೆ ತೋರಿಸೆಂದೆನು. ಈ ಸಲ ಹೆಂಗಸು ಮೂರು ಮೆಟ್ಟಿಲು ಇಳಿಯುವುದರೊಳಗಾಗಿ ಆ ಹುಡುಗ ನನ್ನ ಪಂಚೆಯ ಅಂಚನ್ನು ಹಿಡಿದುಕೊಂಡಿದ್ದನು. ಅದೇ ಹೆಂಗಸು, ಅದೇ ಮೆಟ್ಟಿಲು. ಮೊದಲನೆಯ ಸಲ ಹಾಸ್ಯ, ಎರಡನೆಯ ಸಲ ಭಯಾನಕ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣವನ್ನು ಹೇಳಿಕೊಟ್ಟು ವಿಶ್ರಾಂತನಾದವನಿಗೆ ದೆವ್ವದ ಚಿತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಲಂಕಾರಶಾಸ್ತ್ರವನ್ನು ಓದಿದವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಎಲ್ಲಿ ನಾಲ್ಕು ಜನ ಕುಳಿತು ಅತ್ತರೂ ನಕ್ಕರೂ ಹೆದರಿದರೂ, ಅಲ್ಲಿ ವಿಭಾವವಾವುದು, ಅನುಭಾವವಾವುದು ಎಂದು ಹುಡುಕದೆ ಅವನಿಗೆ ನಿದ್ರೆ ಬಾರದು. ಆ ರಾತ್ರಿ ನನಗೂ ಬರಲಿಲ್ಲ.

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ಭಯಾನಕ ರಸದ ವಿಭಾವಗಳನ್ನು ಎಣಿಸುತ್ತಾನೆ. ಭೂತಪ್ರೇತಾದಿಗಳ ದರ್ಶನ, ನರಿ ಗೂಗೆಗಳಿಂದಾಗುವ ದಿಗಿಲು, ಪಾಳುಮನೆ, ಅಡವಿ, ಸ್ವಜನರ ವಧೆ ಬಂಧನಗಳನ್ನು ಕಾಣುವುದು ಅಥವಾ ಕೇಳುವುದು ಎಲ್ಲವೂ ಅಲ್ಲಿ ಉಂಟು. ಆದರೆ ಈ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದು ಯಾವುದು? ವಿಕೃತರವ, ಎಂದರೆ ಸ್ವಭಾವಗೆಟ್ಟ ಶಬ್ದ. ಭೂತವನ್ನು ಕಾಣುವುದಕ್ಕಿಂತ ಮುಂಚೆ ಮುನಿಯು ಶಬ್ದವನ್ನು ಹೇಳಿದನು. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ಈ ಕ್ರಮದಲ್ಲಿ ಏನಾದರೂ ಅರ್ಥವಿದ್ದೀತೆಂದು ನನಗೆ ತೋರಿರಲಿಲ್ಲ. ಸ್ವರಗಳನ್ನು ರಸಗಳಿಗೆ ಹಂಚುವಾಗಲೂ ಆತನು ಬೀಭತ್ಸ ಭಯಾನಕಗಳಿಗೆ ಧೈವತವನ್ನು ವಿಧಿಸಿದ್ದಾನೆ. ಆದರೆ ಇಂದಿನ ಚಿತ್ರಗಳ ಸಂಗೀತನಿರ್ದೇಶಕರು ಧೈವತವನ್ನು ಹುಡುಕಿಕೊಂಡು ಹೋಗುವರೆಂದು ನಾನು ಹೇಳಲಾರೆ.

ಇದಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವ ವಿವೇಕವೊಂದು ನಮ್ಮ ಶಾಸ್ತ್ರದಲ್ಲಿ ಇದೆ. ಭಯವು ಸ್ಥಾಯಿಭಾವ, ತ್ರಾಸವು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು. ಸಿಡಿಲು ಬಡಿದಾಗ, ಉಲ್ಕೆ ಬಿದ್ದಾಗ, ಮೋಡ ಗುಡುಗಿದಾಗ ಮೈ ಜುಮ್ಮೆಂದು ನಡುಗುವುದು ತ್ರಾಸ. ಅದು ಬಂದಷ್ಟೇ ಬೇಗ ಹೋಗುತ್ತದೆ. ಹಿಂದು ಮುಂದನ್ನು ಯೋಚಿಸುತ್ತ, ಇನ್ನೇನಾಗುವುದೋ ಎಂದು ಮನಸ್ಸು ಒಳಗೊಳಗೇ ಕುದಿಯುತ್ತಿರುವುದು ಭಯ. ತ್ರಾಸಕ್ಕೆ ವಿಚಾರ ಬೇಡ, ಚರ್ಮವಿದ್ದರೆ ಸಾಕು. ಭಯಕ್ಕೆ ವಿಚಾರ ಬೇಕು. ನಮ್ಮ ಕಾಲದ ಭಯಚಿತ್ರಗಳಲ್ಲಿ ನೂರಕ್ಕೆ ತೊಂಬತ್ತು ತ್ರಾಸದ ಅಂಗಡಿಗಳೇ ಹೊರತು ಭಯಾನಕ ರಸದ ಮನೆಗಳಲ್ಲವೆಂಬುದು ನನ್ನ ಮತ.

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಇದು ಎಲ್ಲರೂ ಬಲ್ಲ ಮಾತು. ಚಲಚ್ಚಿತ್ರದಲ್ಲಿ ಇನ್ನೂ ಒಂದು ಭೇದವುಂಟು. ಚಿತ್ರವು ತೆರೆಯ ಮೇಲೆ ಇರುತ್ತದೆ. ಅದಕ್ಕೆ ನಾಲ್ಕು ಅಂಚುಗಳಿವೆ, ಆ ಅಂಚಿನಿಂದಾಚೆ ದೆವ್ವವು ಕಾಲಿಡಲಾರದೆಂದು ಕಣ್ಣು ಬಲ್ಲದು. ಶಬ್ದಕ್ಕಾದರೋ ಅಂಚಿಲ್ಲ. ತೆರೆಯೊಳಗಿನ ಬಾಗಿಲು ಕಿರುಗುಟ್ಟಿದರೆ ಆ ಕಿರುಗುಟ್ಟುವಿಕೆಯು ನಾವು ಉಸಿರಾಡುವ ಗಾಳಿಯಲ್ಲಿಯೇ ಆಗುತ್ತದೆ. ಅದರಲ್ಲಿಯೂ ತಗ್ಗಿದ ಸ್ಥಾಯಿಯ ನಾದವು ಯಾವ ದಿಕ್ಕಿನಿಂದ ಬಂದಿತೆಂಬುದನ್ನು ಕಿವಿಯು ಸುಲಭವಾಗಿ ನಿರ್ಣಯಿಸಲಾರದು. ಎಲ್ಲಿಂದಲೂ ಬಂದಂತೆ, ನಮ್ಮ ಎದೆಯಿಂದಲೇ ಎದ್ದಂತೆ ಅದು ತೋರುತ್ತದೆ.

ಕಡೂರು ತರೀಕೆರೆ ಸೀಮೆಯಲ್ಲಿ ಬೆಳೆದವರಿಗೆ ಇದಕ್ಕೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಬಾಲ್ಯದಲ್ಲಿ ಕೋಳಿ ಕೂಗುವುದಕ್ಕೆ ಮುಂಚೆ ಬುಡಬುಡಿಕೆಯವನು ಬರುತ್ತಿದ್ದನು. ಸ್ಮಶಾನದಲ್ಲಿ ರಾತ್ರಿಯನ್ನು ಕಳೆದು ಹಾಲಕ್ಕಿಯ ನುಡಿಯನ್ನು ಕೇಳಿಕೊಂಡು ಬರುವನೆಂದು ದೊಡ್ಡವರು ಹೇಳುತ್ತಿದ್ದರು. ಬೀದಿಯ ತುದಿಯಲ್ಲಿ ಆ ಸಣ್ಣ ಡಮರುವಿನ ಸದ್ದು ಎದ್ದೊಡನೆ ನಾವು ಕಂಬಳಿಯೊಳಗೆ ಮುದುಡಿಕೊಳ್ಳುತ್ತಿದ್ದೆವು. ಸದ್ದು ಒಂದೊಂದೇ ಮನೆಯನ್ನು ದಾಟಿ ನಮ್ಮ ಮನೆಯ ಮುಂದೆ ನಿಲ್ಲುವುದು, ಆಮೇಲೆ ಮೌನ, ಆ ಮೌನದಲ್ಲಿ ಅವನು ಏನು ನುಡಿಯುವನೋ ಎಂಬ ದಿಗಿಲು. ಹಗಲಿನಲ್ಲಿ ಅದೇ ಮನುಷ್ಯನು ಬಣ್ಣದ ಚಿಂದಿಯ ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಳೆಯ ಬಟ್ಟೆಯನ್ನು ಬೇಡಲು ಬಂದಾಗ ನಾವೇ ಅವನ ಬೆನ್ನು ಹತ್ತಿ ಡಮರುವನ್ನು ಮುಟ್ಟಲು ಕೇಳುತ್ತಿದ್ದೆವು. ರಾತ್ರಿಯ ಶಬ್ದಕ್ಕೆ ಒಡೆಯನು ಕಾಣುತ್ತಿರಲಿಲ್ಲ, ಹಗಲಿನ ಶಬ್ದಕ್ಕೆ ಕಾಣುತ್ತಿದ್ದನು.

ಶಬ್ದವು ಗಟ್ಟಿಯಾಗಿರುವುದರಿಂದಾಗಲಿ ಕರ್ಕಶವಾಗಿರುವುದರಿಂದಾಗಲಿ ಭಯವು ಹುಟ್ಟುವುದಲ್ಲ. ಅದು ಯಾರದೆಂದು ತಿಳಿಯದಿರುವುದರಿಂದ ಹುಟ್ಟುತ್ತದೆಂದು ನನಗೆ ತೋರುತ್ತದೆ. 1949ರಲ್ಲಿ ಬಂದ ‘ಮಹಲ್’ ಎಂಬ ಹಿಂದಿ ಚಿತ್ರದಲ್ಲಿ ಅಶೋಕ ಕುಮಾರನು ಪಾಳುಬಿದ್ದ ಅರಮನೆಗೆ ಬಂದ ರಾತ್ರಿ ಎಲ್ಲಿಂದಲೋ ಹೆಣ್ಣಿನ ಹಾಡು ಕೇಳಿಸುತ್ತದೆ. ಖೇಮಚಂದ ಪ್ರಕಾಶರು ಸಂಗೀತವನ್ನು ಕೂಡಿಸಿದ ಆ ಹಾಡನ್ನು ಹಾಡಿದವರು ಆಗಿನ್ನೂ ಎಳೆಯ ವಯಸ್ಸಿನವರಾಗಿದ್ದ ಲತಾ ಮಂಗೇಶ್ಕರರು. ದನಿಯು ದೂರದಿಂದ ಹತ್ತಿರಕ್ಕೆ ಬರುವಂತೆ ಕೇಳಿಸಬೇಕೆಂದು ಅವರನ್ನು ಮೈಕಿನಿಂದ ದೂರ ನಿಲ್ಲಿಸಿ, ಹಾಡುತ್ತ ಹೆಜ್ಜೆಯಿಡುತ್ತ ಮುಂದಕ್ಕೆ ಬರಮಾಡಿದರೆಂದು ಪ್ರಸಿದ್ಧಿಯುಂಟು. ಹಾಡು ಮಧುರವಾದದ್ದು. ಅದನ್ನೇ ಮದುವೆಯ ಮನೆಯಲ್ಲಿ ಹಾಡಿದರೆ ಯಾರೂ ಹೆದರರು. ಆ ಅರಮನೆಯಲ್ಲಿ ಹಾಡುವವಳು ಯಾರೆಂದು ನಾಯಕನಿಗೂ ನಮಗೂ ತಿಳಿಯದೆ ಇರುವುದರಿಂದಲೇ ಮಾಧುರ್ಯವೂ ಹೆದರಿಸುತ್ತದೆ.

ಕನ್ನಡದಲ್ಲಿ ಈ ಮರ್ಮವನ್ನು ಚೆನ್ನಾಗಿ ಬಲ್ಲ ಚಿತ್ರವೆಂದರೆ, ನಾನು ಕಂಡ ಮಟ್ಟಿಗೆ, 2004ರ ‘ಆಪ್ತಮಿತ್ರ’. ನಿರ್ದೇಶಕರು ಪಿ. ವಾಸು, ಸಂಗೀತ ಗುರುಕಿರಣರದು. ಮೂಲಕಥೆಯು 1993ರಲ್ಲಿ ಫಾಜಿಲರು ನಿರ್ದೇಶಿಸಿದ ‘ಮಣಿಚಿತ್ರತಾಳ್’ ಎಂಬ ಮಲಯಾಳ ಚಿತ್ರದ್ದು. ಹಿರಿಯರ ಮಾತನ್ನು ಮೀರಿ ರಮೇಶನೂ ಅವನ ಹೆಂಡತಿ ಗಂಗೆಯೂ ಹಳೆಯ ಬಂಗಲೆಯೊಂದರಲ್ಲಿ ಬಂದು ನೆಲಸುತ್ತಾರೆ. ಮೇಲಿನ ಅಂತಸ್ತಿನಲ್ಲಿ ಬೀಗ ಹಾಕಿದ ಕೋಣೆ. ಆಂಧ್ರದಿಂದ ಬಂದು ರಾಜನಿಂದ ಹತಳಾದ ನಾಗವಲ್ಲಿಯೆಂಬ ನರ್ತಕಿಯ ಕಥೆ. ಕೋಣೆ ತೆರೆದ ಮೇಲೆ ರಾತ್ರಿಗಳಲ್ಲಿ ಗೆಜ್ಜೆಯ ಸದ್ದು. ಕಥೆಯನ್ನು ಎಲ್ಲರೂ ಬಲ್ಲರಾದುದರಿಂದ ವಿಸ್ತರಿಸುವುದಿಲ್ಲ. ನಾನು ಹೇಳಬೇಕಾದುದು ಆ ಗೆಜ್ಜೆಯನ್ನು ಕುರಿತು.

ಗೆಜ್ಜೆಯೆಂಬುದು ನಮ್ಮ ಮನೆಗಳಲ್ಲಿ ಮಂಗಳಕರವಾದ ಶಬ್ದ. ಕೂಸು ಹೆಜ್ಜೆಯಿಡುವಾಗ, ಎತ್ತು ಬಂಡಿಗೆ ಕೊರಳೊಡ್ಡುವಾಗ, ದೇವರ ಉತ್ಸವ ಹೊರಟಾಗ ಕೇಳುವಂಥದು. ಹೀಗಿರುವಾಗ ಅದು ವಿಕೃತರವವಾಗುವುದು ಹೇಗೆ? ಮೊದಲನೆಯದಾಗಿ, ಅಲ್ಲಿ ಅದಕ್ಕೆ ಕಾಲು ಕಾಣದು. ಎರಡನೆಯದಾಗಿ, ಮತ್ತು ಇದೇ ಮುಖ್ಯವೆಂದು ನನ್ನ ಭಾವನೆ, ಅದಕ್ಕೆ ತಾಳವಿಲ್ಲ. ನಾಲ್ಕು ಹೆಜ್ಜೆ ಕೇಳಿಸಿ ನಿಲ್ಲುತ್ತದೆ. ಕಿವಿಯು ಐದನೆಯದಕ್ಕಾಗಿ ಕಾಯುತ್ತದೆ. ಅದು ಬರುವುದಿಲ್ಲ, ಅಥವಾ ಬರಬಾರದ ಕಡೆಯಿಂದ ಬರುತ್ತದೆ. ತಾಳವೆಂದರೆ ಮುಂದೇನು ಬರುವುದೆಂಬ ಭರವಸೆ. ಆ ಭರವಸೆಯನ್ನು ಕಿತ್ತುಕೊಂಡರೆ ಉಳಿಯುವುದು ಹಿಂದು ಮುಂದಿನ ಯೋಚನೆ, ಎಂದರೆ ಶುದ್ಧವಾದ ಭಯ.

ಡಾಕ್ಟರ್ ವಿಜಯನು (ವಿಷ್ಣುವರ್ಧನರು) ರಾತ್ರಿ ಆ ಕೋಣೆಯ ಬಾಗಿಲಿಗೆ ಬಂದು ಒಳಗಿರುವವಳೊಡನೆ ಮಾತನಾಡುವ ದೃಶ್ಯವನ್ನು ವಾಚಕರು ನೆನೆದುಕೊಳ್ಳಲಿ. ನಡುವೆ ಮುಚ್ಚಿದ ಬಾಗಿಲು. ಮನೋವೈದ್ಯನಾದ ಅವನೂ ಆಗ ನಮ್ಮಂತೆ ಬರಿಯ ಕಿವಿಯಾಗಿ ನಿಂತಿದ್ದಾನೆ. ಒಳಗಿನಿಂದ ಬರುವ ಉತ್ತರವು ತೆಲುಗಿನಲ್ಲಿ ಇದೆ. ಮಲಯಾಳ ಚಿತ್ರದಲ್ಲಿ ತಮಿಳಿದ್ದ ಸ್ಥಾನದಲ್ಲಿ ಇಲ್ಲಿ ತೆಲುಗನ್ನಿಟ್ಟದ್ದು ಬಹು ವಿವೇಕದ ಕೆಲಸ. ನಮ್ಮ ಸೀಮೆಯವರಿಗೆ ತೆಲುಗು ತಿಳಿಯದ ಭಾಷೆಯಲ್ಲ, ತಿಳಿದ ಭಾಷೆಯೂ ಅಲ್ಲ, ಅರ್ಧ ತಿಳಿಯುತ್ತದೆ. ಪೂರ್ತಿ ತಿಳಿಯದ ಮಾತು ಬರಿಯ ಸದ್ದು, ಪೂರ್ತಿ ತಿಳಿದ ಮಾತು ಸಂಭಾಷಣೆ. ಅರ್ಧ ತಿಳಿದ ಮಾತಿನಲ್ಲಿ ಭಯಕ್ಕೆ ಬೇಕಾದ ಅವಕಾಶವಿರುತ್ತದೆ. ಮುಂದೆ ಗಂಡನು ಬೇಡವೆಂದಾಗ ಗಂಗೆಯ ಕಂಠವೇ ನಮ್ಮೆದುರಿಗೆ ಬದಲಾಗಿ, ಕನ್ನಡವು ಜಾರಿ ತೆಲುಗು ಹೊರಡುತ್ತದೆ. ಭರತನ ವಿಕೃತರವಕ್ಕೆ ಇದಕ್ಕಿಂತ ನೇರವಾದ ಲಕ್ಷ್ಯವನ್ನು ನಾನು ಕಂಡಿಲ್ಲ.

ಚಿತ್ರವು ಇನ್ನೊಂದು ಜಾಣತನವನ್ನು ಮಾಡಿದೆ. ಆ ಶಬ್ದಕ್ಕೆ ಸುಳ್ಳು ಒಡತಿಯೊಬ್ಬಳನ್ನು ತೋರಿಸಿ, ಸಂಶಯವನ್ನು ಸೌಮ್ಯೆಯೆಂಬ ಹುಡುಗಿಯ ಕಡೆಗೆ ತಿರುಗಿಸುತ್ತದೆ. ನಾವು ಒಡತಿ ಸಿಕ್ಕಳೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಗೆಜ್ಜೆಯು ಮತ್ತೆ ಬೇರೆಡೆಯಲ್ಲಿ ಕೇಳುತ್ತದೆ.

ಕೊನೆಗೆ ನಾಗವಲ್ಲಿ ಕಾಣಿಸಿಕೊಂಡು ಕುಣಿಯುತ್ತಾಳೆ. ದೀಪಗಳು, ರಾಜಸಭೆ, ಮೃದಂಗ, ತೆಲುಗಿನ ಹಾಡು. ಆ ಭಾಗವನ್ನು ಜನರು ಬಹಳವಾಗಿ ಕೊಂಡಾಡುತ್ತಾರೆ. ಹಾಡೂ ಕೊಂಡಾಟಕ್ಕೆ ತಕ್ಕುದೇ ಸರಿ. ಆದರೆ ಅಲ್ಲಿ ಭಯವೆಲ್ಲಿ? ಗೆಜ್ಜೆಗೆ ಕಾಲು ದೊರೆತ ಕ್ಷಣದಲ್ಲಿ, ಹೆಜ್ಜೆಗೆ ತಾಳ ದೊರೆತ ಕ್ಷಣದಲ್ಲಿ ಭಯಾನಕವು ಮುಗಿಯಿತು. ಮುಂದಿನದು ಅದ್ಭುತ, ಅದರ ಹಿಂದೆಯೇ ಕರುಣ. ಇದು ದೋಷವಲ್ಲ, ಕಥೆಯು ಅಲ್ಲಿಗೇ ಹೋಗಬೇಕಾಗಿದ್ದಿತು. ಏಕೆಂದರೆ ಅಲ್ಲಿ ದೆವ್ವವೇ ಇಲ್ಲ, ಮನಸ್ಸಿನ ವ್ಯಾಧಿಯಿಂದ ನರಳುವ ಗಂಗೆಯಿದ್ದಾಳೆ. ಚಿತ್ರವನ್ನು ಎರಡನೆಯ ಸಲ ನೋಡಿದವರಿಗೆ ಮೊದಲ ರಾತ್ರಿಯ ಅದೇ ಗೆಜ್ಜೆಯು ಬೇರೆಯಾಗಿ ಕೇಳುತ್ತದೆ. ಸುತ್ತ ಎಲ್ಲರೂ ಮಲಗಿರುವಾಗ ಒಬ್ಬ ಹೆಣ್ಣುಮಗಳು ತನಗೇ ತಿಳಿಯದೆ ಎದ್ದು ಓಡಾಡುತ್ತಿದ್ದಾಳೆಂದು ತಿಳಿದ ಮೇಲೆ ಹೆದರುವುದು ಹೇಗೆ?

ನಾನು ಆ ಚಿತ್ರವನ್ನು ಮೊದಲು ನೋಡಿದ್ದು ಕಡೂರಿನಲ್ಲಿ ಕೆಲಸದಲ್ಲಿದ್ದಾಗ, ಬಿಡುಗಡೆಯಾದ ವರ್ಷದಲ್ಲಿಯೇ. ಗಂಗೆಯ ಪಾತ್ರವನ್ನು ವಹಿಸಿದ ಸೌಂದರ್ಯರವರು ಆ ವರ್ಷದ ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು. ಚಿತ್ರವು ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಕತ್ತಲೆಯಲ್ಲಿ ಮೊದಲ ಸಲ ಗೆಜ್ಜೆಯು ಕೇಳಿಸಿದಾಗ ಚಿತ್ರಮಂದಿರದಲ್ಲಿ ಉಂಟಾದ ನಿಶ್ಶಬ್ದವು ನನಗೆ ಇನ್ನೂ ನೆನಪಿದೆ. ಅದರಲ್ಲಿ ಕಥೆಯ ಪಾಲೆಷ್ಟು, ಆ ವಾರ್ತೆಯ ಪಾಲೆಷ್ಟು ಎಂದು ವಿಂಗಡಿಸಲು ಯಾವ ಅಲಂಕಾರಿಕನಿಂದಲೂ ಆಗಲಾರದು. ವಿಭಾವಾದಿಗಳು ಸಾಧಾರಣೀಕೃತವಾಗುತ್ತವೆಂದು ಅಭಿನವಗುಪ್ತನು ಹೇಳುವಾಗ ಶಾಕುಂತಲದ ಮೊದಲ ಅಂಕದಲ್ಲಿ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು ಉದಾಹರಿಸಿ, ಆ ಭಯವು ನನ್ನದೂ ಅಲ್ಲ, ಅದರದೂ ಅಲ್ಲ, ಬರಿಯ ಭಯವೆಂದು ವಿವರಿಸುತ್ತಾನೆ. ಆ ದಿನ ಕಡೂರಿನಲ್ಲಿ ಅದು ಹಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಇನ್ನು ತ್ರಾಸದ ಅಂಗಡಿಗಳ ಮಾತು. ಬಾಗಿಲು ತೆರೆದರೆ ಢಮ್, ಬೆಕ್ಕು ಹಾರಿದರೆ ಢಮ್, ಕಡೆಗೆ ಮನೆಯ ಅತ್ತೆ ಹಾಲಿನ ಲೋಟವನ್ನು ಹಿಡಿದು ಬಂದರೂ ಢಮ್. ಪ್ರೇಕ್ಷಕನು ಬೆಚ್ಚುತ್ತಾನೆ, ನಗುತ್ತಾನೆ, ಕಡಲೆಕಾಯಿ ತಿನ್ನುತ್ತಾನೆ. ಹಿಂದಿನಿಂದ ಬಂದು ಕಿವಿಯ ಬಳಿ ಕಾಗದದ ಚೀಲವನ್ನು ಒಡೆದ ಹುಡುಗನಿಗೆ ನಾನು ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯನ್ನು ಕೊಡುತ್ತಿದ್ದೆನು. ಅದೇ ಕೆಲಸಕ್ಕೆ ಇಲ್ಲಿ ಹಣ ಕೊಟ್ಟು ಬರುತ್ತೇವೆ. ಗಟ್ಟಿಯಾದ ವಾದ್ಯವೆಲ್ಲವೂ ತಪ್ಪೆಂದು ನಾನು ಹೇಳುವುದಿಲ್ಲ. ಹಿಚ್‌ಕಾಕನ ‘ಸೈಕೋ’ (1960) ಚಿತ್ರದಲ್ಲಿ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡವೆಂದು ನಿರ್ದೇಶಕನು ಮೊದಲು ಎಣಿಸಿದ್ದನು; ಬರ್ನಾರ್ಡ್ ಹರ್ಮನ್ನನು ಬರಿಯ ತಂತಿವಾದ್ಯಗಳಿಂದ ರಚಿಸಿದ ಕೂಗನ್ನು ಕೇಳಿದ ಮೇಲೆ ಒಪ್ಪಿಕೊಂಡನು. ಆ ಪಿಟೀಲುಗಳ ದನಿಯು ಹಕ್ಕಿಯದೋ, ಕತ್ತಿಯದೋ, ಸಾಯುವವಳದೋ ತಿಳಿಯದು. ಆದುದರಿಂದಲೇ ಅದು ಉಳಿಯಿತು. ಅದೇ ನಿರ್ದೇಶಕನು ಮೂರು ವರ್ಷಗಳ ತರುವಾಯ ‘ದಿ ಬರ್ಡ್ಸ್’ ಚಿತ್ರದಲ್ಲಿ ಹಿನ್ನೆಲೆಯ ಸಂಗೀತವನ್ನೇ ತೊರೆದು, ವಿದ್ಯುದ್ವಾದ್ಯದಿಂದ ಹುಟ್ಟಿಸಿದ ಹಕ್ಕಿಯ ಸದ್ದುಗಳನ್ನೂ ಮೌನವನ್ನೂ ನೆಚ್ಚಿದನು.

ಇತ್ತೀಚಿನ ಕನ್ನಡ ಚಿತ್ರಗಳಲ್ಲಿ ‘ಕಾಂತಾರ’ (2022) ಈ ವಿಚಾರಕ್ಕೆ ಹೊಸದೊಂದನ್ನು ಸೇರಿಸಿದೆ. ರಿಷಬ್ ಶೆಟ್ಟಿಯವರ ಈ ಕೃತಿಯು ದೆವ್ವದ ಚಿತ್ರವಲ್ಲ, ದೈವದ ಚಿತ್ರ. ಹಿನ್ನೆಲೆಯ ಸಂಗೀತ ಅಜನೀಶ್ ಲೋಕನಾಥರದು. ಆದರೂ ನಾಯಕನು ಕನಸಿನಲ್ಲಿ ಆ ಕೂಗನ್ನು ಕೇಳಿ ಬೆವೆತು ಏಳುವಾಗ ನಮ್ಮ ಮೈಯೂ ಬೆವರುತ್ತದೆ. ಕಥೆಯ ಆರಂಭದಲ್ಲಿಯೇ ಪಂಜುರ್ಲಿ ದೈವವು ಅರಸನಿಗೆ ಒಂದು ಕರಾರನ್ನು ವಿಧಿಸುತ್ತದೆ: ತನ್ನ ಕೂಗು ಎಲ್ಲಿಯವರೆಗೆ ಕೇಳುವುದೋ ಅಲ್ಲಿಯವರೆಗಿನ ಭೂಮಿಯನ್ನು ಜನರಿಗೆ ಬಿಟ್ಟುಕೊಡತಕ್ಕದ್ದು. ಕಲ್ಲು ನೆಟ್ಟು ಎಲ್ಲೆಯನ್ನು ಗುರುತಿಸುವುದನ್ನು ನಾವು ಬಲ್ಲೆವು. ಇಲ್ಲಿ ಶಬ್ದವೇ ಎಲ್ಲೆಕಲ್ಲು. ಆ ಕಾರಣದಿಂದ ಮುಂದೆ ಆ ಕೂಗು ಎದ್ದಾಗಲೆಲ್ಲ ಅದು ಭೂಮಿಯನ್ನು ಕಸಿಯಬಂದವನಿಗೆ ಭಯ, ಉಳುವವನಿಗೆ ಅಭಯ. ಶಬ್ದವೊಂದೇ, ಆಶ್ರಯವು ಬೇರೆಯಾದರೆ ಭಾವವೂ ಬೇರೆ. ಪ್ರೇಕ್ಷಕನು ಎರಡೂ ಕಡೆ ಕುಳಿತಿರುತ್ತಾನೆ. ಚಿತ್ರವನ್ನು ನೋಡಿ ಬಂದ ತರುಣರು ಬೀದಿಗಳಲ್ಲಿ ಆ ಕೂಗನ್ನು ಅನುಕರಿಸತೊಡಗಿದಾಗ ಹಾಗೆ ಮಾಡಬಾರದೆಂದು ನಿರ್ದೇಶಕರೇ ಬೇಡಿಕೊಂಡರು. ನಂಬಿಕೆಯ ಕಾರಣದಿಂದ ಹಾಗೆ ಹೇಳಿದ್ದು ಯುಕ್ತವೇ. ಕಲೆಯ ಕಾರಣದಿಂದಲೂ ಯುಕ್ತ. ಬಸ್ಸು ನಿಲ್ದಾಣದಲ್ಲಿ ಹತ್ತು ಹುಡುಗರ ಬಾಯಲ್ಲಿ ಕೇಳಿದ ಕೂಗಿಗೆ ಹತ್ತು ಮಂದಿ ಒಡೆಯರು ಕಾಣುತ್ತಾರೆ. ಕಡೆಯ ಭಾಗದಲ್ಲಿ ಮಾತ್ರ ವಾದ್ಯಘೋಷವು ಆ ಕೂಗಿನ ಮೇಲೆ ಕುಳಿತಿದೆ ಎಂದು ನನ್ನ ಆಕ್ಷೇಪಣೆ. ಸುತ್ತ ಕಾಡಿನ ಮೌನವೊಂದೇ ಇದ್ದಿದ್ದರೆ ಕೂಗಿನ ಎಲ್ಲೆಯು ಇನ್ನೂ ಒಂದು ಹರದಾರಿ ಮುಂದಕ್ಕೆ ಹೋಗುತ್ತಿದ್ದಿತು.

ಇಷ್ಟೆಲ್ಲವನ್ನೂ ಬರೆಯುವಾಗ ನನ್ನ ಕಿವಿಯಲ್ಲಿ ಇನ್ನೊಂದು ಶಬ್ದವು ಇದ್ದಿತೆಂಬುದನ್ನು ಮರೆಮಾಡಲಾರೆ. ನಾನು ತರೀಕೆರೆಯಲ್ಲಿ ಎಂಟೊಂಬತ್ತು ವಯಸ್ಸಿನ ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಯ ಮನೆಯಿಂದ ಕೆಲವು ರಾತ್ರಿಗಳಲ್ಲಿ ಹೆಣ್ಣಿನ ಹಾಡು ಕೇಳುತ್ತಿದ್ದಿತು. ಜೋಗುಳ. ಆ ಮನೆಯಲ್ಲಿ ಕೂಸಿರಲಿಲ್ಲ. ಹಾಡು ಒಂದು ಸಾಲಿನ ನಡುವೆ ನಿಲ್ಲುವುದು, ಬಹಳ ಹೊತ್ತಿನ ಮೇಲೆ ಅದೇ ಸಾಲು ಮೊದಲಿನಿಂದ ಆರಂಭವಾಗುವುದು. ಅದು ಮೋಹಿನಿಯೆಂದು ಹುಡುಗರೆಲ್ಲ ನಿಶ್ಚಯಿಸಿದ್ದೆವು. ಒಂದು ರಾತ್ರಿ ನಾನು ಹೆದರಿ ಅತ್ತಾಗ ನನ್ನ ತಾಯಿ, “ದೆವ್ವ ಅಲ್ಲ ಕಣೋ ಅದು, ಅವಳ ಮಗು ಹೋಯಿತು ಹೋದ ಶ್ರಾವಣದಲ್ಲಿ,” ಎಂದಳು. ಭಯವು ಅಲ್ಲಿಗೇ ಹೋಯಿತು. ಆದರೆ ಮೊದಲು ಕಂಬಳಿಯನ್ನು ಹೊದೆದರೆ ತಡೆಯುತ್ತಿದ್ದ ಆ ಹಾಡು ಆಮೇಲೆ ಕಂಬಳಿಯೊಳಗೂ ಬರತೊಡಗಿತು. ಕೆಲವು ದಿನಗಳಲ್ಲಿ ಮನೆಯವರು ಎಲ್ಲಿಂದಲೋ ಒಬ್ಬ ಮಂತ್ರವಾದಿಯನ್ನು ಕರೆತಂದು ಮೂರು ರಾತ್ರಿ ವಾದ್ಯವನ್ನು ಬಡಿಸಿದರು. ಆ ಬಡಿತವು ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿದ್ದಿತು. ನಾಲ್ಕನೆಯ ರಾತ್ರಿ ಹಾಡಿರಲಿಲ್ಲ. ಆಕೆಯನ್ನು ತವರಿಗೆ ಕಳುಹಿಸಿಬಿಟ್ಟಿದ್ದರು. ಮನಸ್ಸಿನ ಕಾಯಿಲೆಗೆ ವೈದ್ಯನುಂಟೆಂದು ಆ ಬೀದಿಯಲ್ಲಿ ಯಾರಿಗೂ ತೋಚಲಿಲ್ಲ, ಪಾಠಶಾಲೆಗೆ ಹೋಗುತ್ತಿದ್ದವರಿಗೂ ತೋಚಲಿಲ್ಲ. ‘ಆಪ್ತಮಿತ್ರ’ದ ಬಾಗಿಲಿನ ದೃಶ್ಯದಲ್ಲಿ ಒಬ್ಬನು ಹೊರಗೆ ನಿಂತು ಆ ಶಬ್ದವನ್ನು ಮಾತನಾಡಿಸುತ್ತಾನೆ, ನೀನು ಯಾರೆಂದು ಕೇಳುತ್ತಾನೆ. ಆ ದೃಶ್ಯವನ್ನು ಕುರಿತು ನಾನು ಬರೆದುದರಲ್ಲಿ ಪಕ್ಷಪಾತವಿದ್ದರೆ ಕಾರಣವು ಇದೇ ಇರಬೇಕು.

ಮಕ್ಕಳು ಊರಿಗೆ ಹೊರಡುವ ಮುಂಚೆ ಆ ಚಿತ್ರವನ್ನು ಅವರಿಗೆ ತೋರಿಸಿದೆನು, ಈ ಸಲ ಧ್ವನಿಯನ್ನು ಅಡಗಿಸದೆ. ಗೆಜ್ಜೆಯು ಮೊದಲು ಕೇಳಿದಾಗ ಚಿಕ್ಕವನು ಎಂದಿನಂತೆ ನನ್ನ ಪಂಚೆಯನ್ನು ಹಿಡಿದನು. ಚಿತ್ರವು ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ತಾತ, ಅಷ್ಟು ದಿನವೂ ರಾತ್ರಿ ನಡೀತಾ ಇದ್ದದ್ದು ಗಂಗಾನೇನಾ? ಅವಳಿಗೆ ಕಾಲು ನೋಯ್ತಾ ಇರಲಿಲ್ಲವಾ?” ಎಂದು ಕೇಳಿದನು.